ಸಾವಿರದ ಇನ್ನೂರು ರೂಪಾಯಿ

ಅಕ್ಕನ ಮಗಳು ಊಟದ ತಟ್ಟೆ ಪಕ್ಕದಲ್ಲೇ ಮೊಬೈಲ್ ಇಟ್ಕೊಂಡು ಕೂತಿದ್ದಳು. ಎರಡು ತುತ್ತಿಗೊಂದು ಸಲ ಪರದೆ ಕೆಳಗೆ ಎಳೆಯೋದು, ಅದು ಗಿರಗಿರ ತಿರುಗೋದು, ಮತ್ತೆ ಅದೇ ಪುಟ. ಸಿಇಟಿ ಮೊದಲ ಸುತ್ತಿನ ಸೀಟು ಹಂಚಿಕೆ ಅವತ್ತು ಸಂಜೆ ಬರಬೇಕಿತ್ತು. ರಾತ್ರಿ ಒಂಬತ್ತೂವರೆ ಆದರೂ ಬಂದಿರಲಿಲ್ಲ. ಹದಿನೈದು ದಿನದಿಂದ ನಮ್ಮ ಮನೆಯಲ್ಲಿ ಇದೇ ನಡೀತಿದೆ. ಆಪ್ಷನ್ ಎಂಟ್ರಿಗೆ ಅಂತ ಊರಿಂದ ಬಂದವಳು ಇಲ್ಲೇ ಉಳಿದಿದ್ದಾಳೆ, ನಮ್ಮ ವೈಫೈ ಚೆನ್ನಾಗಿದೆ ಅನ್ನೋ ಕಾರಣಕ್ಕೆ.

ಸೀಟಿನದು ಒಂದು ಚಿಂತೆಯಾದರೆ ಫೀಸಿನದು ಇನ್ನೊಂದು. ಭಾವ ಊರಲ್ಲಿ ಸಣ್ಣದೊಂದು ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಊರ ಮಕ್ಕಳ ಜಾತಿ ಆದಾಯ ಪ್ರಮಾಣಪತ್ರಗಳಿಗೆಲ್ಲ ನೆರಳಚ್ಚು ತೆಗೆದುಕೊಟ್ಟು ಜೀವನ ಮಾಡೋ ಮನುಷ್ಯ, ತಮ್ಮದೇ ಪ್ರಮಾಣಪತ್ರದಲ್ಲಿ ಎಡವಿದ್ದರು. ನಾಡಕಚೇರಿಯ ಪತ್ರದಲ್ಲಿ ಅವರ ಹೆಸರಿನ ಮುಂದೆ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಇಲ್ಲ. ಆರ್‌ಡಿ ನಂಬರ್ ಹಾಕಿದರೆ ಒಂದು ಕಡೆ ತಗೊಳ್ಳುತ್ತೆ, ಇನ್ನೊಂದು ಕಡೆ ತಗೊಳ್ಳಲ್ಲ. ಇದು ಸರಿಹೋಗದಿದ್ದರೆ ಟ್ಯೂಷನ್ ಫೀ ವಿನಾಯಿತಿಯ ಸೀಟೂ ಇಲ್ಲ, ಆಮೇಲೆ ಸ್ಕಾಲರ್‌ಶಿಪ್ಪೂ ಇಲ್ಲ. ಆಮೇಲೇನಿದ್ದರೂ ಅಕ್ಕನ ಬಳೆ ಬ್ಯಾಂಕಿಗೆ.

ಹುಡುಗಿ ತಟ್ಟೆಯಲ್ಲಿ ಕೈಯಾಡಿಸುತ್ತಾ ಕೇಳಿದಳು: "ಮಾಮ, ನಾನು ಇಂಜಿನಿಯರಿಂಗ್ ಓದೋಕೂ ಅಪ್ಪನ ಆದಾಯಕ್ಕೂ ಏನು ಸಂಬಂಧ? ಇದನ್ನ ಯಾರು ಶುರು ಮಾಡಿದ್ದು?"

ಅವಳು ಸಿಟ್ಟಿಗೆ ಕೇಳಿದ್ದು, ಉತ್ತರ ಬೇಕು ಅಂತಲ್ಲ. ಆದರೆ ರಿಸಲ್ಟ್ ಕಾಯುತ್ತಾ ಕೂತವನಿಗೆ ಬೇರೆ ಕೆಲಸ ಇರಲಿಲ್ಲ. ಹುಡುಕುತ್ತಾ ಹೋದೆ. ಆ ರಾತ್ರಿ ಓದಿದ್ದು, ಆಮೇಲೆ ಒಂದು ವಾರ ಬಿಡದೆ ಓದಿದ್ದು, ಎಲ್ಲಾ ಸೇರಿ ಈ ಬರಹ.

ಹಳೇ ಕಾಲದಲ್ಲಿ ಬಡ ಹುಡುಗ ಓದಬೇಕಾದರೆ ದಾರಿ ಎರಡೇ ಇದ್ದವು. ಒಂದು ವಾರಾನ್ನ, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಇನ್ನೊಂದು, ದೊಡ್ಡವರ ಕೃಪೆ. ಅಂಬೇಡ್ಕರ್ 1913ರಲ್ಲಿ ಅಮೆರಿಕಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಅದಕ್ಕೆ ಪ್ರತಿಯಾಗಿ ಬರೋಡಾ ಸಂಸ್ಥಾನದಲ್ಲಿ ನೌಕರಿ ಮಾಡಬೇಕು ಅನ್ನೋ ಕರಾರು. 1917ರಲ್ಲಿ ಲಂಡನ್ನಿನಲ್ಲಿ ಓದು ನಡೀತಿದ್ದಾಗ ವೇತನದ ಅವಧಿ ಮುಗೀತು. ಓದನ್ನ ಅರ್ಧಕ್ಕೆ ಬಿಟ್ಟು ಹಡಗು ಹತ್ತಬೇಕಾಯಿತು. ಅಂಥ ತಲೆಗೂ ದುಡ್ಡು ನಿಂತ ದಿನ ಓದು ನಿಂತಿತು. ಮುಂದೆ ಅವರು ವೈಸ್‌ರಾಯ್ ಮಂಡಳಿಯ ಸದಸ್ಯರಾಗಿದ್ದ ಕಾಲದಲ್ಲಿ, 1944ರಲ್ಲಿ, ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಶುರುವಾಯಿತು. ಮಹಾರಾಜರ ಮನಸ್ಸಿನಲ್ಲಿದ್ದ ಒಂದು ವಸ್ತು ಸರ್ಕಾರದ ಫೈಲಿಗೆ ಬಂತು. ಫೈಲು ಅಂದ ಮೇಲೆ ಅರ್ಜಿ, ಅರ್ಜಿ ಅಂದ ಮೇಲೆ ಲಗತ್ತು.

ನಮ್ಮ ಮೈಸೂರಿನ ಕತೆ ಸ್ವಲ್ಪ ಮೊದಲೇ ಶುರುವಾಗುತ್ತೆ. 1916ರಲ್ಲಿ ವಿಶ್ವವಿದ್ಯಾಲಯ ಬಂತು, 1917ರಲ್ಲಿ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು ಬಂತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸರ್ಕಾರ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಸರ್ಕಾರಿ ನೌಕರಿ ಯಾಕೆ ಒಂದೇ ಕಡೆ ಸೇರ್ತಿದೆ ಅನ್ನೋದು ಅದರ ಮುಂದಿದ್ದ ಪ್ರಶ್ನೆ. ಸಮಿತಿ ನೌಕರಿ ಜೊತೆಗೆ ಹಿಂದುಳಿದವರಿಗೆ ವಿದ್ಯಾರ್ಥಿವೇತನ, ಹಾಸ್ಟೆಲ್ ಕೂಡ ಬೇಕು ಅಂತ ಹೇಳಿತು. ಇದೇ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟದ್ದು ಎಲ್ಲರಿಗೂ ಗೊತ್ತಿರೋ ವಿಚಾರ.

ಇಲ್ಲೀತನಕ ಕೇಳ್ತಾ ಇದ್ದ ಪ್ರಶ್ನೆ "ನೀನು ಯಾವ ಜಾತಿ" ಅನ್ನೋದು. "ನಿಮ್ಮಪ್ಪನಿಗೆ ಎಷ್ಟು ಬರುತ್ತೆ" ಅನ್ನೋದು ಮುಂದಕ್ಕೆ ಬರೋಕೆ ಒಂದು ಕೋರ್ಟು ಕೇಸು ಬೇಕಾಯಿತು.

ಏಕೀಕರಣದ ನಂತರ ಮೈಸೂರು ರಾಜ್ಯ ಸರ್ಕಾರ ಕಾಲೇಜು ಸೀಟುಗಳ ಮೀಸಲಾತಿಗೆ ಒಂದರ ಹಿಂದೆ ಒಂದು ಆದೇಶ ಹೊರಡಿಸ್ತಾ ಹೋಯಿತು. ಕೋರ್ಟಿಗೆ ಹೋಗೋದು, ಬೀಳೋದು, ಹೊಸ ಆದೇಶ. ನಾಗನಗೌಡ ಸಮಿತಿ ಬಂತು. ಕೊನೆಗೆ 1962ರ ಜುಲೈ 31ರ ಆದೇಶ: ಇಂಜಿನಿಯರಿಂಗ್, ಮೆಡಿಕಲ್ ಸೀಟುಗಳಲ್ಲಿ ಹಿಂದುಳಿದವರಿಗೆ ಶೇ. 28, ಹೆಚ್ಚು ಹಿಂದುಳಿದವರಿಗೆ ಶೇ. 22, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3. ಒಟ್ಟು 68. ಇದು ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಬಾಲಾಜಿ ವಿರುದ್ಧ ಮೈಸೂರು ರಾಜ್ಯ ಅನ್ನೋ ಕೇಸು ಅದು. ಮೀಸಲಾತಿ ಸಾಮಾನ್ಯವಾಗಿ ಶೇ. 50ರೊಳಗೆ ಇರಬೇಕು, ಜಾತಿ ಒಂದನ್ನೇ ಹಿಂದುಳಿದಿರುವಿಕೆಯ ಅಳತೆ ಮಾಡಬಾರದು ಅಂತ ಕೋರ್ಟು ಹೇಳಿತು. ಇವತ್ತಿಗೂ ಟಿವಿ ಚರ್ಚೆಗಳಲ್ಲಿ ಕೇಳಿಬರೋ ಆ "ಐವತ್ತರ ಮಿತಿ" ಹುಟ್ಟಿದ್ದು ನಮ್ಮ ರಾಜ್ಯದ ಕಾಲೇಜು ಸೀಟಿನ ಜಗಳದಲ್ಲಿ.

ಮುಂದಿನ ವರ್ಷದ ಅಡ್ಮಿಷನ್ ಹತ್ತಿರ ಬಂತು. ಜಾತಿ ಒಂದೇ ಸಾಲದು ಅಂದರೆ ಏನು ಮಾಡೋದು? 1963ರ ಜುಲೈನಲ್ಲಿ ಸರ್ಕಾರ ಹೊಸ ಅಳತೆಗೋಲು ತಂತು, ಆದಾಯ ಮತ್ತು ಕಸುಬು. ಕುಟುಂಬದ ವರ್ಷದ ಆದಾಯ 1,200 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಕಸುಬು ಬೇಸಾಯ, ಸಣ್ಣ ವ್ಯಾಪಾರ, ಕೆಳದರ್ಜೆ ನೌಕರಿ, ಕೈಕಸುಬು, ಮೈಮುರಿದು ದುಡಿಯೋ ಇಂಥ ಕೆಲಸ ಆಗಿರಬೇಕು. ಅಂಥವರ ಮಕ್ಕಳಿಗೆ ಶೇ. 30 ಸೀಟು.

ತಿಂಗಳಿಗೆ ನೂರು ರೂಪಾಯಿ. ಅಕ್ಕನ ಮಗಳ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು. ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ಸೀಟಿಗೂ ಅಪ್ಪನ ಆದಾಯಕ್ಕೂ ಗಟ್ಟಿಯಾದ ಗಂಟು ಬಿದ್ದದ್ದು ಆ ಜುಲೈನಲ್ಲಿ.

ಈ ಆದೇಶವೂ ಸುಪ್ರೀಂ ಕೋರ್ಟಿಗೆ ಹೋಯಿತು. ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ, 1964ರ ಜನವರಿಯ ತೀರ್ಪು. ಅದನ್ನ ಓದುತ್ತಿದ್ದಾಗ ಒಂದು ಕಡೆ ನಿಂತೆ. ಆ ವರ್ಷ ಸೀಟು ಬರೀ ಪರೀಕ್ಷೆಯ ಅಂಕದ ಮೇಲೆ ಕೊಟ್ಟಿರಲಿಲ್ಲ, ಸಂದರ್ಶನ ಇತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಸಂದರ್ಶನಕ್ಕೆ. ಅಂದರೆ ಐಚ್ಛಿಕಗಳು 300 ಅಂಕಕ್ಕೆ ಅಂದ್ಕೊಂಡರೆ, 75 ಅಂಕ ಸಮಿತಿಯವರ ಕೈಯಲ್ಲಿ. ಏನು ನೋಡಿ ಅಂಕ ಕೊಡೋದು? ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ಓದಿನಲ್ಲಿ ಮಾಡಿದ ವಿಶೇಷ ಸಾಧನೆ, ಎನ್‌ಸಿಸಿ, ಆಟೋಟ, ಸಮಾಜಸೇವೆ, ಡಿಬೇಟ್, ನಾಟಕ.

ನಾನು ನಿಂತದ್ದು ಯಾಕೆ ಅಂದರೆ, ನಮ್ಮ ದೊಡ್ಡಪ್ಪ ಅದೇ ವರ್ಷ ಆ ಸಂದರ್ಶನಕ್ಕೆ ಹೋಗಿದ್ದರು.

ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಆಗಿರೋ ಕತೆ ಅದು. ಪಿಯುಸಿಯಲ್ಲಿ ಗಣಿತಕ್ಕೆ ಒಳ್ಳೇ ಅಂಕ ತೆಗೆದಿದ್ದರಂತೆ. ಯಾರದೋ ಕೋಟು ಕೇಳಿ ಹಾಕ್ಕೊಂಡು ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋದರಂತೆ. ಒಳಗೆ ಕೂತವರು ಇಂಗ್ಲಿಷಿನಲ್ಲಿ ಕೇಳಿದರಂತೆ, ಇವರು ಬೆವತರಂತೆ. ಆಮೇಲೆ ತಿಂಗಳುಗಟ್ಟಲೆ ಪೋಸ್ಟ್‌ಮ್ಯಾನ್ ದಾರಿ ಕಾದದ್ದು. ಕಾಗದ ಬರಲೇ ಇಲ್ಲ. ದೊಡ್ಡಪ್ಪ ಟಿಸಿಎಚ್ ಮಾಡಿ ಪ್ರೈಮರಿ ಶಾಲೆ ಮೇಷ್ಟ್ರಾದರು. ನಾನು ನೋಡಿದ ದೊಡ್ಡಪ್ಪ ದಿನಾ ಬೆಳಿಗ್ಗೆ ಇಂಗ್ಲಿಷ್ ಪೇಪರನ್ನು ಜೋರಾಗಿ ಓದುತ್ತಿದ್ದರು, ನಿವೃತ್ತಿ ಆದ ಮೇಲೂ. "ನಂಗೆ ಇಂಗ್ಲಿಷ್ ಬಂದಿದ್ರೆ ಇಂಜಿನಿಯರ್ ಆಗ್ತಿದ್ದೆ" ಅನ್ನೋದು ಅವರ ಒಂದು ಸಾಲಿನ ಆತ್ಮಕತೆ.

ಆ ಪಟ್ಟಿ ನೋಡಿದ ಮೇಲೆ ಅನ್ನಿಸಿತು: ಎನ್‌ಸಿಸಿ, ಡಿಬೇಟು, ನಾಟಕ ಎಲ್ಲಾ ಒಳ್ಳೇದೇ. ಆದರೆ ಸಾಯಂಕಾಲ ಎಮ್ಮೆ ಹಿಂದೆ ಹೋಗುತ್ತಿದ್ದ ಹುಡುಗನಿಗೆ ಅವು ಎಲ್ಲಿಂದ ಬರಬೇಕಿತ್ತು? ಒಂದು ಕೈಯಲ್ಲಿ ಸರ್ಕಾರ "ನೂರು ರೂಪಾಯಿಯ ಮನೆ ಹುಡುಗ ಬಾ" ಅಂತ ಕರೀತು, ಇನ್ನೊಂದು ಕೈಯಲ್ಲಿ "ನಿನ್ನ ಪರ್ಸನಾಲಿಟಿ ತೋರಿಸು" ಅಂತು. ಸುಪ್ರೀಂ ಕೋರ್ಟು ಸಂದರ್ಶನವನ್ನೂ ಎತ್ತಿಹಿಡಿಯಿತು, ಆದಾಯದ ಅಳತೆಯನ್ನೂ ಎತ್ತಿಹಿಡಿಯಿತು. ಮಾನದಂಡ ಸ್ಪಷ್ಟವಿದ್ದು ಅರ್ಹರು ಆಯ್ಕೆ ಮಾಡ್ತಿದ್ದರೆ, ವಿದ್ಯಾರ್ಥಿಗಳನ್ನ ಹೇಗೆ ಆರಿಸಬೇಕು ಅಂತ ತಾನು ಹೇಳಲ್ಲ ಅನ್ನೋದು ಅದರ ನಿಲುವು. ದೊಡ್ಡಪ್ಪ ಆರು ವರ್ಷದ ಹಿಂದೆ ತೀರಿಕೊಂಡರು. ಈ ಪಟ್ಟಿ ಅವರಿಗೆ ತೋರಿಸಬೇಕಿತ್ತು ಅನ್ನಿಸಿತು. ಸೀಟು ಸಿಗದೆ ಇದ್ದದ್ದಕ್ಕೆ ಅವರ ಅಂಕವೇ ಕಾರಣ ಇದ್ದರೂ ಇರಬಹುದು, ನನಗೆ ಗೊತ್ತಾಗೋದು ಹೇಗೆ. ಆದರೆ ಬರೀ ಇಂಗ್ಲಿಷನ್ನ ಅಷ್ಟು ವರ್ಷ ಬೈಕೊಳ್ಳಬೇಕಾಗಿರಲಿಲ್ಲ.

ಮುಂದಿನದನ್ನ ಬೇಗ ಹೇಳ್ತೀನಿ. 1972ರಲ್ಲಿ ದೇವರಾಜ ಅರಸು ಸರ್ಕಾರ ಹಾವನೂರು ಆಯೋಗ ನೇಮಿಸಿತು, 1975ರಲ್ಲಿ ವರದಿ ಬಂತು, ಜಾತಿ ಮತ್ತೆ ಲೆಕ್ಕದ ಮಧ್ಯಕ್ಕೆ ಬಂತು. ಆದಾಯ-ಕಸುಬಿನ ಲೆಕ್ಕ ಮಾತ್ರ ಹೋಗಲಿಲ್ಲ, ವಿಶೇಷ ಗುಂಪು ಅನ್ನೋ ಹೆಸರಲ್ಲಿ ಪಕ್ಕದಲ್ಲೇ ಉಳೀತು.

ಈ ಮಧ್ಯೆ ಮೂರನೇ ಬಾಗಿಲೊಂದು ತೆರೆದಿತ್ತು: ದುಡ್ಡು. ಖಾಸಗಿ ಕಾಲೇಜು, ಡೊನೇಷನ್, ಕ್ಯಾಪಿಟೇಷನ್. 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ನಿಷೇಧಿಸಿ ಕಾನೂನು ಮಾಡಿತು. ಆದರೆ ಅದೇ ಕಾನೂನಿನಡಿ 1989ರಲ್ಲಿ ಹೊರಟ ಅಧಿಸೂಚನೆ ನೋಡಿ. ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ. ಒಂದೇ ಕ್ಲಾಸು, ಒಂದೇ ಬೆಂಚು, ಮೂರು ರೇಟು. ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ತುಮಕೂರಿನ ಖಾಸಗಿ ಕಾಲೇಜಿನಲ್ಲಿ ಎಂಬಿಬಿಎಸ್ ಸೀಟು ಬಂತು, ಆದರೆ 60,000 ಕಟ್ಟುವ ಶಕ್ತಿ ಮನೆಯವರಿಗೆ ಇರಲಿಲ್ಲ. ಸೀಟು ತಪ್ಪಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈ 30ರಂದು ಕೋರ್ಟು ಶಿಕ್ಷಣ ಎಲ್ಲರ ಹಕ್ಕು, ಕ್ಯಾಪಿಟೇಷನ್ ತಪ್ಪು ಅಂತ ತೀರ್ಪು ಕೊಟ್ಟಿತು. ಕಾನೂನು ಓದಿದವರೆಲ್ಲ ಆ ಕೇಸನ್ನ ಕೊಂಡಾಡ್ತಾರೆ. ಆದರೆ ಕೊನೆಯ ಪುಟ ಓದಿದರೆ ಇನ್ನೊಂದು ಸಂಗತಿ ಇದೆ: ಕೇಸು ಹಾಕಿದ ಹುಡುಗಿಗೆ ಸೀಟು ಸಿಗಲಿಲ್ಲ. ಆಕೆಯ ಆಯ್ಕೆ ಮೆರಿಟ್ ಪ್ರಕಾರ ಆಗಿರಲಿಲ್ಲ, ತರಗತಿಗಳೂ ಶುರುವಾಗಿ ಬಹಳ ದಿನ ಆಗಿತ್ತು ಅಂತ.

1993ರ ಉನ್ನಿಕೃಷ್ಣನ್ ತೀರ್ಪಿನಲ್ಲಿ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟ್ ಅಂತಾಯಿತು. ಇವೆಲ್ಲ ಹಂಚೋಕೆ 1994ರಲ್ಲಿ ಸಿಇಟಿ ಬಂತು. ದೊಡ್ಡಪ್ಪನನ್ನು ಬೆವರಿಸಿದ್ದ ಕೋಣೆ ಮಾಯವಾಗಿ ಅದರ ಜಾಗಕ್ಕೆ ರ‍್ಯಾಂಕು ಬಂತು. ಯಾರ ಮುಖವೂ ನೋಡಬೇಕಾಗಿಲ್ಲ, ಯಾರ ಇಂಗ್ಲಿಷೂ ಕೇಳಬೇಕಾಗಿಲ್ಲ. ನಮ್ಮಂಥ ಸಾವಿರಾರು ಮನೆಗಳಿಂದ ಮೊದಲ ಇಂಜಿನಿಯರ್ ಹೊರಟದ್ದು ಆ ರ‍್ಯಾಂಕಿನಿಂದ. ಬೆಂಗಳೂರಿನ ಐಟಿ ಪಾರ್ಕುಗಳಲ್ಲಿ ಮಧ್ಯಾಹ್ನ ಕನ್ನಡ ಕೇಳಿಸುತ್ತೆ ಅಂದರೆ ಅದರಲ್ಲಿ ಆ ರ‍್ಯಾಂಕಿನ ಪಾಲು ದೊಡ್ಡದು.

ನಾನು ಸಿಇಟಿ ಬರೆದದ್ದು 2003ರಲ್ಲಿ. ಹಿಂದಿನ ಅಕ್ಟೋಬರ್ 31ಕ್ಕೆ ಟಿಎಂಎ ಪೈ ಪ್ರತಿಷ್ಠಾನದ ಕೇಸಿನಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಯೋಜನೆಯನ್ನೇ ತೆಗೆದುಹಾಕಿತ್ತು. ಫ್ರೀ ಸೀಟು ಹೆಚ್ಚಾಗಿ ಹೋಗ್ತಿರೋದು ಒಳ್ಳೇ ಶಾಲೆಯಲ್ಲಿ ಓದಿದ ಉಳ್ಳವರ ಮಕ್ಕಳಿಗೇ ಅನ್ನೋ ಮಾತೂ ಆ ತೀರ್ಪಿನಲ್ಲಿತ್ತು, ಅದು ಸುಳ್ಳೂ ಅಲ್ಲ. ಆದರೆ ಆ ವರ್ಷ ಸಾಲಿನಲ್ಲಿ ನಿಂತವರ ಪಾಡು ಬೇರೆ. ಯಾವ ಕಾಲೇಜಲ್ಲಿ ಎಷ್ಟು ಸರ್ಕಾರಿ ಸೀಟು, ಫೀಸು ಎಷ್ಟು, ಒಬ್ಬರೂ ಸರಿಯಾಗಿ ಹೇಳುತ್ತಿರಲಿಲ್ಲ. ಆಗಸ್ಟ್ 14ಕ್ಕೆ ಸುಪ್ರೀಂ ಕೋರ್ಟು ಮತ್ತೊಂದು ತೀರ್ಪು ಕೊಟ್ಟು, ಫೀಸು ನಿಗದಿ ಮಾಡೋಕೆ ರಾಜ್ಯಕ್ಕೊಂದು ಸಮಿತಿ ಮಾಡಿ ಅಂತು. ನಾವು ದಿನಾ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಪೇಪರ್ ನೋಡಿಕೊಂಡು ಬರೋದು.

ಅಪ್ಪ ಮಂಡಿಯೊಂದರಲ್ಲಿ ಗುಮಾಸ್ತ. ಲೆಕ್ಕ ಬರೆಯೋ ಕೆಲಸ. ಫೀ ಕನ್ಸೆಷನ್ನಿಗೆ ಆದಾಯ ಪ್ರಮಾಣಪತ್ರ ಬೇಕಿತ್ತು. ಅಪ್ಪ, ನಾನು ಇಬ್ಬರೂ ತಾಲ್ಲೂಕು ಆಫೀಸಿಗೆ ಮೂರನೇ ಸಲ ಹೋಗಿದ್ದ ದಿನ. ಅಲ್ಲಿನ ರೆವಿನ್ಯೂ ಇನ್ಸ್‌ಪೆಕ್ಟರ್ ಒಳ್ಳೇ ಮನುಷ್ಯ. ಅರ್ಜಿ ನೋಡಿ ಪೆನ್ನು ಎತ್ತಿ, "ಎಷ್ಟು ಅಂತ ಬರೀಲಿ?" ಅಂದರು. ಆ ದನಿಯಲ್ಲೇ ಗೊತ್ತಾಗುತ್ತಿತ್ತು, ಅವರು ಸಹಾಯ ಮಾಡೋಕೆ ನೋಡ್ತಿದ್ದಾರೆ ಅಂತ. ಅಪ್ಪ ಸರಿಯಾದ ಅಂಕಿ ಹೇಳಿದರು. ಅವರು ಪೆನ್ನು ಇಳಿಸಲಿಲ್ಲ. "ಯೋಚನೆ ಮಾಡಿ ಹೇಳಿ ಯಜಮಾನ್ರೆ, ಇದು ಮಿತಿಗಿಂತ ಎರಡು ಸಾವಿರ ಜಾಸ್ತಿ ಆಗುತ್ತೆ." ಅಪ್ಪ ಮತ್ತೆ ಅದೇ ಅಂಕಿ ಹೇಳಿದರು.

ಕನ್ಸೆಷನ್ ಸಿಗಲಿಲ್ಲ. ಮಲ್ಲೇಶ್ವರದ ಸಿಇಟಿ ಸೆಲ್‌ನಲ್ಲಿ ನನ್ನ ರ‍್ಯಾಂಕು ಕೂಗಿದಾಗ ಅಪ್ಪನ ಜೇಬಿನಲ್ಲಿದ್ದ ಡಿಡಿ ಮಂಡಿ ಸಾಹುಕಾರರ ಹತ್ತಿರ ಸಾಲ ತಂದ ದುಡ್ಡಿನದು. ನಾಲ್ಕು ವರ್ಷ ತಿಂಗಳು ತಿಂಗಳೂ ಸಂಬಳದಲ್ಲಿ ಮುರಿದುಕೊಂಡರು. ಆ ನಾಲ್ಕು ವರ್ಷದಲ್ಲೇ ಅಕ್ಕನ ಬಿ.ಎಡ್. ನಿಂತುಹೋಯಿತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎರಡು ಫೀಸು ಕಟ್ಟೋಕೆ ಆಗ್ತಿರಲಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟಿನ ಅಪ್ಪನಿಗೆ ಎರಡು ಅಂತಸ್ತಿನ ಮನೆ, ಅವನಿಗೆ ಪೂರ್ತಿ ಕನ್ಸೆಷನ್. ಪ್ರತಿ ಸೆಮಿಸ್ಟರ್ ಅದನ್ನ ನೋಡಿದಾಗ ನನಗೆ ಅಪ್ಪನ ಮೇಲೆ ಸಿಟ್ಟು ಬರೋದು. ಎರಡು ಸಾವಿರ ರೂಪಾಯಿ. ಒಂದು ಸುಳ್ಳು ಅಂಕಿ. ದೊಡ್ಡ ಹರಿಶ್ಚಂದ್ರ!

ಗೆರೆ ಅಂದ ಮೇಲೆ ಎಲ್ಲೋ ಒಂದು ಕಡೆ ಎಳೀಲೇಬೇಕು. 1963ರಲ್ಲಿ 1,200 ರೂಪಾಯಿಯ ಅಪ್ಪ ಒಳಗೆ, 1,201ರ ಅಪ್ಪ ಹೊರಗೆ. ಹಿಂದುಳಿದ ವರ್ಗಗಳ ಕೆನೆಪದರಕ್ಕೆ ಕೇಂದ್ರ 1993ರಲ್ಲಿ ವರ್ಷಕ್ಕೆ 1 ಲಕ್ಷ ಅಂತ ಗೆರೆ ಎಳೆಯಿತು, 2017ರಿಂದ ಅದು 8 ಲಕ್ಷ. ಆದರೆ ಗೆರೆಯ ಕಷ್ಟ ಅಂಕಿಯಲ್ಲಿ ಇಲ್ಲ. ನನ್ನಂಥವನ ಆದಾಯ ಫಾರ್ಮ್ 16ರಲ್ಲಿ ಪೈಸೆ ಸಮೇತ ಕೂತಿರುತ್ತೆ. ಜೆರಾಕ್ಸ್ ಅಂಗಡಿಯವನದು, ರೈತನದು, ಗಾರೆ ಕೆಲಸದವನದು ಎಲ್ಲಿ ಬರೆದಿರುತ್ತೆ? ಯಾರೋ ಒಬ್ಬ ಅಧಿಕಾರಿ ಅಂದಾಜು ಮಾಡಿ ಬರೀಬೇಕು. ಆ ಅಂದಾಜಿನಲ್ಲಿ ಉಳ್ಳವನು ಒಳಗೆ ನುಸುಳಿಬಿಡಬಹುದು, ಇಲ್ಲದವನು ಒಂದು ಇನಿಷಿಯಲ್‌ಗೆ ಸಿಕ್ಕಿ ಹೊರಗೆ ಉಳಿಯಬಹುದು. ಸಂದರ್ಶನದ ಕೋಣೆ ಹೋಯಿತು ಅಂದೆನಲ್ಲ, ಪೂರ್ತಿ ಹೋಗಿಲ್ಲ. ನಾವು ಅಪ್ಪಂದಿರನ್ನ ಸಂದರ್ಶನಕ್ಕೆ ಕಳಿಸ್ತಿದ್ದೀವಿ, ಅಷ್ಟೇ.

ಹಾಗಂತ ಈ ಕಾಗದಗಳೇ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ. ಕಾಗದ ಇಲ್ಲದ ಕಾಲ ವಾರಾನ್ನದ ಕಾಲ. ಮಹಾರಾಜರ ಬಾಗಿಲಿಗೆ ಹೋಗೋಕೆ ಎಲ್ಲರಿಗೂ ದಾರಿ ಇರಲಿಲ್ಲ, ನಾಡಕಚೇರಿ ಬಾಗಿಲಿಗೆ ಇದೆ. ಕ್ಯೂ ಉದ್ದ ಇರಬಹುದು, ಆದರೆ ಅಲ್ಲಿ ಕೈಮುಗಿದು ನಿಲ್ಲಬೇಕಾಗಿಲ್ಲ, ಅರ್ಜಿ ಕೊಟ್ಟು ನಿಂತರೆ ಸಾಕು.

ಅವತ್ತು ರಾತ್ರಿ ಹನ್ನೊಂದೂ ಕಾಲಿಗೆ ಪುಟ ತೆರೆಯಿತು. ಅವಳು ಕೇಳಿದ್ದ ಮೂರನೇ ಕಾಲೇಜು, ಎಲೆಕ್ಟ್ರಾನಿಕ್ಸ್. ಫೀ ವಿನಾಯಿತಿ ಸೀಟಲ್ಲ, ಮಾಮೂಲಿ ಸೀಟು. ನಾಲ್ಕು ಚಾಯ್ಸ್‌ಗಳಲ್ಲಿ ಎರಡನೆಯದನ್ನು ಒತ್ತಿದಳು: ಸೀಟು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕರೆ ನೋಡೋಣ. ಭಾವನ ಹೆಸರಿನ ತಿದ್ದುಪಡಿ ಆ ವಾರ ಆಯಿತು. ಎರಡನೇ ಸುತ್ತು ಇನ್ನೂ ಬಂದಿಲ್ಲ, ಇದನ್ನ ಬರೆಯೋ ಹೊತ್ತಿಗೂ ಅವಳು ಪಕ್ಕದ ರೂಮಿನಲ್ಲಿ ಪರದೆ ಎಳೀತಾ ಇದ್ದಾಳೆ. ವಿನಾಯಿತಿ ಸಿಗದಿದ್ದರೆ ಫೀಸು ನಾನು ಕಟ್ಟೋದು ಅಂತ ಅಕ್ಕನಿಗೆ ಹೇಳಿದ್ದೀನಿ. ಅಕ್ಕ ಬೇಡ ಅಂದಳು. ಅವಳಿಗೆ ನಾನು ಕೊಡಬೇಕಾದ ಒಂದು ಬಿ.ಎಡ್. ಬಾಕಿ ಇದೆ ಅಂತ ಬಾಯಿತನಕ ಬಂತು, ಹೇಳಲಿಲ್ಲ.

ಮಾರನೇ ದಿನ ಅಪ್ಪನಿಗೆ ಫೋನ್ ಮಾಡಿದೆ. ಮೊಮ್ಮಗಳ ಸೀಟಿನ ವಿಷಯ ಆಯಿತು. ಆಮೇಲೆ ಇಷ್ಟು ವರ್ಷ ಕೇಳದೇ ಇದ್ದದ್ದನ್ನ ಕೇಳಿದೆ: "ಅಪ್ಪ, ಅವತ್ತು ತಾಲ್ಲೂಕು ಆಫೀಸಲ್ಲಿ ಎರಡು ಸಾವಿರ ಕಡಿಮೆ ಹೇಳಬಹುದಿತ್ತಲ್ಲ, ಯಾಕೆ ಹೇಳಲಿಲ್ಲ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಸತ್ಯ, ಧರ್ಮ, ಲೆಕ್ಕ ಬರೆಯೋ ಕೈ ಅಂತ ಏನೋ ಹೇಳ್ತಾರೆ ಅಂತ ಕಾದೆ.

"ಹೆದರಿಕೆ ಆಯ್ತು ಕಣೋ," ಅಂದರು. "ಸಾಹುಕಾರರ ಪುಸ್ತಕದಲ್ಲಿ ಒಂದು ಇದ್ದು, ಇಲ್ಲಿ ಒಂದು ಬರೆಸಿ, ಆಮೇಲೆ ಯಾರಾದರೂ ಹಿಡಿದ್ರೆ ನಿನ್ ಸೀಟೇ ಹೋಗುತ್ತಲ್ಲ. ಫೀಸಾದರೆ ಹೆಂಗೋ ಹೊಂಚಬಹುದು. ಸೀಟು ಎಲ್ಲಿಂದ ತರಲಿ?"